ಪದಚರ್ಚೆ: ‘ಡಿಪೋರ್ಟೇಷನ್’ಗೆ ‘ಗಡಿಪಾರು’ ಸರಿಯೇ? ನಾಳೆ ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಕಾನೂನು ನೆರವಿನ ನಾಲ್ಕು ಪುಟದ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಸಂಜೆ ಐದಕ್ಕೆ ಮುದ್ರಣಕ್ಕೆ ಹೋಗಬೇಕು. ವಿಷಯ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ. ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾಯ್ದೆಗಳು ಅದರೊಂದಿಗೆ ರದ್ದಾದವು. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದವರಿಗೆ 5 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ಓದುವವರು ಬೆಂಗಳೂರಿನ ಹೊರವಲಯದಲ್ಲಿ ಶೆಡ್ ಬಾಡಿಗೆಗೆ ಕೊಟ್ಟವರು, ಗುಜರಿ ಅಂಗಡಿಯವರು, ಠಾಣೆಯ ಸಿಬ್ಬಂದಿ.

‘ಡಿಪೋರ್ಟೇಷನ್’ಗೆ, ಅಂದರೆ ವಿದೇಶಿಯನ್ನು ದೇಶದಿಂದ ಆಚೆ ಕಳಿಸುವುದಕ್ಕೆ, ಯೋಚಿಸದೆ ‘ಗಡಿಪಾರು’ ಎಂದು ಬರೆದಿದ್ದೆ. ಕರಡನ್ನು ನಮ್ಮ ಬೀದಿಯ ಗುಜರಿ ಅಂಗಡಿಯವರಿಗೆ ಓದಲು ಕೊಟ್ಟೆ. ‘ರೌಡಿಗಳಿಗೆ ಮಾಡುತ್ತಾರಲ್ಲ, ಅದೇ ತಾನೇ? ಆರು ತಿಂಗಳು ಬಿಟ್ಟು ವಾಪಸ್ ಬರಬಹುದಲ್ಲ?’ ಎಂದು ಕೇಳಿದರು. ಅಲ್ಲಿಗೆ ನನ್ನ ಧೈರ್ಯ ಹೋಯಿತು. ಜೊತೆಗೆ ‘ಅಕ್ರಮ ವಲಸಿಗ’ವೋ ‘ನುಸುಳುಕೋರ’ವೋ, ‘ಡಿಟೆನ್ಷನ್ ಸೆಂಟರ್’ಗೆ ಏನು, ಅದನ್ನೂ ಹೇಳಿದರೆ ಉಪಕಾರ.

— ಬೆಂಗಳೂರಿನಿಂದ

ತಂಗಿ, ‘ಗಡಿಪಾರು’ ಕನ್ನಡದ ಪದವೇ ಅಲ್ಲ. ಅದು ಮರಾಠಿಯ ‘ಹದ್ದಪಾರ್’ಗೆ ಹೊಲಿಸಿದ ಕನ್ನಡ ಅಂಗಿ. ‘ಹದ್ದು’ ಅರಬ್ಬಿಯದು, ನಮ್ಮ ‘ಹದ್ದುಬಸ್ತು’, ‘ಹದ್ದುಮೀರು’ ಎಲ್ಲವೂ ಅಲ್ಲಿಂದಲೇ ಬಂದವು. ಅದರ ಜಾಗಕ್ಕೆ ‘ಗಡಿ’ ಕೂರಿಸಿ ‘ಪಾರ್’ ಹಾಗೆಯೇ ಉಳಿಸಿದರು. ಮುಂಬಯಿ ಪ್ರಾಂತ್ಯದ ಕಚೇರಿಗಳಲ್ಲಿ ಮರಾಠಿ ಮೊದಲು, ಕನ್ನಡ ಆಮೇಲೆ. ಧಾರವಾಡ ಬೆಳಗಾವಿ ಕಡೆಯ ಗುಮಾಸ್ತರೇ ಇದನ್ನು ಮಾಡಿರಬೇಕು ಎಂಬುದು ನನ್ನ ಹಳೆಯ ಊಹೆ. ಹಿಂದಿಯವರ ‘ತಡೀಪಾರ್’ ಇದರ ಸೋದರಸಂಬಂಧಿ. ಪೊಲೀಸ್ ಬಳಕೆಯಲ್ಲಿ ಮೂರರ ಅರ್ಥವೂ ಒಂದೇ: ಜಿಲ್ಲೆಯ ಎಲ್ಲೆ ದಾಟಿಸುವುದು. ದೇಶದ ಎಲ್ಲೆ ಅಲ್ಲ. ಗುಜರಿ ಅಂಗಡಿಯವರಿಗೆ ನಿಮಗಿಂತ ಚೆನ್ನಾಗಿ ಕನ್ನಡ ಗೊತ್ತಿದೆ.

ಇನ್ನೊಂದು. ದಯವಿಟ್ಟು ‘ಗಡೀಪಾರು’ ಎಂದು ದೀರ್ಘ ಹಾಕಬೇಡಿ. ಅದಕ್ಕೆ ಯಾವ ಸೂತ್ರವೂ ಇಲ್ಲ.

— ಧಾರವಾಡದಿಂದ

ಮೇಷ್ಟ್ರೇ, ವ್ಯುತ್ಪತ್ತಿ ಚೆನ್ನಾಗಿದೆ, ಅದರಿಂದ ಕರಪತ್ರಕ್ಕೆ ಪದ ಸಿಗಲಿಲ್ಲ.

ಕನ್ನಡ ಪತ್ರಿಕೆಗಳು ಒಂದೇ ‘ಗಡಿಪಾರು’ವಿನಲ್ಲಿ ಮೂರು ಬೇರೆ ಕಾನೂನುಗಳನ್ನು ತುಂಬಿವೆ. ಮೊದಲನೆಯದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಕಲಮಿನದು: ಅಪರಾಧ ಮಾಡುವ ಸಂಭವವಿರುವವನನ್ನು ಒಂದು ಪ್ರದೇಶದಿಂದ ಆಚೆ ಕಳಿಸುವುದು. ಅವನು ಈ ದೇಶದ ಪ್ರಜೆಯೇ, ಅವಧಿ ಮುಗಿದರೆ ಮನೆಗೆ ಬರುತ್ತಾನೆ. ಎರಡನೆಯದು ಒಬ್ಬ ಆರೋಪಿಯನ್ನು ವಿಚಾರಣೆಗಾಗಿ ಇನ್ನೊಂದು ದೇಶ ಕೇಳಿ ಪಡೆಯುವುದು. 2025ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ಮುಂಬೈ ದಾಳಿಯ ಆರೋಪಿ ತಹವ್ವುರ್ ರಾಣಾನನ್ನು ಕರೆತಂದಾಗ ಒಂದು ಪುಟದಲ್ಲಿ ‘ಗಡಿಪಾರು’, ಇನ್ನೊಂದರಲ್ಲಿ ‘ಹಸ್ತಾಂತರ’ ಎಂದು ಬಂತು. ‘ಹಸ್ತಾಂತರ’ವೇ ಸರಿ. ಮೂರನೆಯದು ನಿಮಗೆ ಬೇಕಾದದ್ದು: ಇಲ್ಲಿರಲು ಹಕ್ಕಿಲ್ಲದ ವಿದೇಶಿಯನ್ನು ಸರ್ಕಾರ ತಾನಾಗಿಯೇ ಹೊರಗೆ ಕಳಿಸುವುದು. ಈ ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 1955ರಲ್ಲೇ ಹ್ಯಾನ್ಸ್ ಮುಲ್ಲರ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಎಪ್ಪತ್ತು ವರ್ಷವಾದರೂ ನಮ್ಮ ಸುದ್ದಿಮನೆಗಳಿಗೆ ತಲುಪಿಲ್ಲ.

‘ಉಚ್ಚಾಟನೆ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ, ಬೇಡ. ಅದು ಪಕ್ಷದ ಬಂಡಾಯಗಾರರಿಗೆ ಮತ್ತು ದೆವ್ವಗಳಿಗೆ ಮೀಸಲು. ‘ದೇಶದಿಂದ ಹೊರಕಳಿಸುವುದು’ ಎಂದು ಬರೆಯಿರಿ. ಎರಡು ಪದವಾದರೇನು? ಡಿಟೆನ್ಷನ್ ಸೆಂಟರ್‌ಗೆ ‘ಬಂಧನ ಕೇಂದ್ರ’ ನಡೆಯುತ್ತದೆ. ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿರುವುದನ್ನು ಜನ ಹಾಗೆಯೇ ಕರೆಯುತ್ತಾರೆ. ಅಸ್ಸಾಂ ಸರ್ಕಾರ 2021ರಲ್ಲಿ ಆ ಹೆಸರನ್ನು ‘ಟ್ರಾನ್ಸಿಟ್ ಕ್ಯಾಂಪ್’ ಎಂದು ಬದಲಿಸಿತು. ಬೀಗ ಅದೇ.

— ಮೈಸೂರಿನಿಂದ, ವಕೀಲ

ವಕೀಲರು ಸುದ್ದಿಮನೆಯ ಮೇಲೆ ಕೈ ಮಾಡಿದ್ದರಿಂದ ಬರೆಯಲೇಬೇಕಾಯಿತು. ರಾತ್ರಿ ಹನ್ನೊಂದಕ್ಕೆ ಎರಡು ಕಾಲಂ ಜಾಗದಲ್ಲಿ ‘ದೇಶದಿಂದ ಹೊರಕಳಿಸುವ ಪ್ರಕ್ರಿಯೆಗೆ ಚಾಲನೆ’ ಎಂದು ಹೊಂದಿಸಿ ತೋರಿಸಲಿ. ‘ಗಡಿಪಾರು’ ನಾಲ್ಕು ಅಕ್ಷರ, ಓದುಗನಿಗೆ ತಕ್ಷಣ ಮುಟ್ಟುತ್ತದೆ.

ಆದರೆ ‘ನುಸುಳುಕೋರ’ದ ಬಗ್ಗೆ ನನಗೂ ಮುಜುಗರವಿದೆ. 1999ರಲ್ಲಿ ಕಾರ್ಗಿಲ್ ಬೆಟ್ಟ ಹತ್ತಿ ಕುಳಿತವರಿಗೆ ನಾವು ಬರೆದ ಪದ ಅದು. ಕೈಯಲ್ಲಿ ಬಂದೂಕು ಇದ್ದವರು. ಈಗ ಹಿಂದಿಯ ‘ಘುಸ್‌ಪೈಠಿಯಾ’ ಭಾಷಣಗಳು ಏಜೆನ್ಸಿಯಿಂದ ಬಂದಾಗಲೆಲ್ಲ ಅದೇ ಪದವನ್ನು ಪ್ಲಾಸ್ಟಿಕ್ ಆಯುವವರಿಗೂ ಹಾಕುತ್ತೇವೆ. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತಲ್ಲ, ಆ ದಿನ ನಮ್ಮ ಮೇಜಿನಲ್ಲಿ ಯಾರಿಗೂ ‘ನುಸುಳುಕೋರರು’ ಎಂದು ಬರೆಯಲು ಹೊಳೆಯಲಿಲ್ಲ. ‘ಅಕ್ರಮ ವಲಸಿಗರು’ ಎಂದೆವು, ಮರುದಿನ ‘ಕೈಕೋಳ ತೊಡಿಸಿದ ಭಾರತೀಯರು’ ಎಂದೆವು.

— ಹುಬ್ಬಳ್ಳಿಯಿಂದ

‘ನುಸುಳು’ ಅಚ್ಚಗನ್ನಡ. ಅದರ ಬಾಲಕ್ಕೆ ‘ಕೋರ’ ಅಂಟಿಸಿದ್ದೇ ತಪ್ಪು. ಅದು ಪಾರಸಿಯ ‘ಖೋರ್’, ತಿನ್ನುವವನು ಎಂದು ಅರ್ಥ. ಲಂಚಕೋರ ಲಂಚ ತಿನ್ನುತ್ತಾನೆ, ಸರಿ. ನುಸುಳುಕೋರ ಏನು ತಿನ್ನುತ್ತಾನೆ? ‘ನುಸುಳಿಗ’ ಎನ್ನಿ. ಡಿಪೋರ್ಟೇಷನ್‌ಗೆ ‘ಹೊರದೂಡಿಕೆ’. ಅಕ್ರಮ ವಲಸೆಗೆ ‘ಕಳ್ಳಗುಳೆ’. ಕನ್ನಡದಲ್ಲಿ ಬೇರು ಇರುವಾಗ ಸಂಸ್ಕೃತದ ಬಾಗಿಲಲ್ಲಿ ನಿಲ್ಲುವುದು ಏಕೆ?

— ಶಿವಮೊಗ್ಗದಿಂದ

‘ಕಳ್ಳಗುಳೆ’! ಗುಳೆ ಹೋಗುವವರನ್ನು ನೋಡಿದ್ದೀರಾ ಸರ್? ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಹಾಸಿಗೆ, ಪಾತ್ರೆ, ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಬರುವುದು ಗುಳೆ. ಬೆಳೆ ಬಂದರೆ ಮರಳುತ್ತಾರೆ. ಅದರ ಮುಂದೆ ‘ಕಳ್ಳ’ ಹಚ್ಚಿದರೆ ಬಾಡಿಗೆ ಕೊಟ್ಟವನು ಮೊದಲು ರಾಯಚೂರಿನವನ ಆಧಾರ್ ಕೇಳುತ್ತಾನೆ.

ನಮ್ಮ ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಊರುಗಳಿಗೆ ಇಂದಿಗೂ ಆರ್.ಎಚ್. (ಪುನರ್ವಸತಿ) ಕ್ಯಾಂಪ್ ಎಂದೇ ಹೆಸರು. ಕಾಲುವೆ ನೀರು ಹಿಡಿದು ಬಂದ ಆಂಧ್ರದ ರೈತರ ಊರುಗಳೂ ಕ್ಯಾಂಪ್‌ಗಳೇ. ಹಾಗಾಗಿ ನಮ್ಮಲ್ಲಿ ‘ಕ್ಯಾಂಪಿನವರು’ ಎಂದರೆ ನಿರಾಶ್ರಿತನೂ ಆಗಬಹುದು, ಟ್ರ್ಯಾಕ್ಟರ್ ಇರುವ ಸಾಹುಕಾರನೂ ಆಗಬಹುದು. ಯಾವ ಪದಕೋಶ ಇದನ್ನು ಬಿಡಿಸುತ್ತದೆ?

— ಸಿಂಧನೂರಿನಿಂದ

ಶಿವಮೊಗ್ಗದವರ ‘ನುಸುಳಿಗ’ದ ‘ಇಗ’ವೂ ಸಂಸ್ಕೃತದ ‘ಇಕ’ದಿಂದ ಬಂದದ್ದು ಎಂದು ವಾದಿಸುವವರಿದ್ದಾರೆ. ಅಚ್ಚಗನ್ನಡದ ಮಡಿಗೆ ಮೊದಲು ಅದನ್ನು ತೊಳೆದುಕೊಳ್ಳಲಿ. ಮತ್ತೆ, ‘ಪದಗಳೂ ವಲಸಿಗರೇ’ ಎಂಬ ಚಟಾಕಿಯನ್ನು ಯಾರಾದರೂ ಟೈಪ್ ಮಾಡುತ್ತಿದ್ದರೆ ನಿಲ್ಲಿಸಿ. ವರ್ಷಕ್ಕೆ ಎರಡು ಸಲ ಇಲ್ಲಿ ಬರುತ್ತದೆ.

ತಂಗಿಯ ಎರಡನೇ ಪ್ರಶ್ನೆಯನ್ನು ಯಾರೂ ಸರಿಯಾಗಿ ಮುಟ್ಟಿಲ್ಲ. ‘ಅಕ್ರಮ’ ಎಂದರೆ ಕ್ರಮವಿಲ್ಲದ್ದು. ಅದೇ ‘ಕ್ರಮ್’ ಧಾತುವಿಗೆ ‘ಆ’ ಸೇರಿದರೆ ‘ಆಕ್ರಮಣ’, ಮೇಲೆ ಬೀಳುವುದು. ಪತ್ರಿಕೆಯಲ್ಲಿ ವಾರಕ್ಕೊಮ್ಮೆ ‘ಆಕ್ರಮ ವಲಸಿಗರು’ ಎಂದು ಅಚ್ಚಾಗುತ್ತದೆ. ಒಂದು ದೀರ್ಘದಲ್ಲಿ ಕಾಗದವಿಲ್ಲದವನು ದಂಡೆತ್ತಿ ಬಂದವನಾಗುತ್ತಾನೆ. ನಗಬೇಡಿ. 2005ರಲ್ಲಿ ಸುಪ್ರೀಂ ಕೋರ್ಟ್ ಅಸ್ಸಾಮಿನಲ್ಲಿ ಅಕ್ರಮ ವಲಸಿಗರನ್ನು ಗುರುತಿಸುವ 1983ರ ಕಾಯ್ದೆಯನ್ನು ರದ್ದು ಮಾಡುವಾಗ ಅಲ್ಲಿನ ವಲಸೆಯನ್ನು ಸಂವಿಧಾನದ 355ನೇ ವಿಧಿಯ ‘ಬಾಹ್ಯ ಆಕ್ರಮಣ’ ಎಂದೇ ಪರಿಗಣಿಸಿತು. ಆ ತೀರ್ಪು ಒಪ್ಪುವವರಿಗೆ ‘ಆಕ್ರಮ’ ಅಚ್ಚಿನ ತಪ್ಪೇ ಅಲ್ಲ!

— ಧಾರವಾಡದಿಂದ

ಮೇಷ್ಟ್ರು ಇಷ್ಟು ದೂರ ಬಂದು ಮುಖ್ಯವಾದದ್ದನ್ನು ಬಿಟ್ಟರು. ಕನ್ನಡಿಗನ ಕಿವಿಗೆ ‘ಅಕ್ರಮ’ ಬಿದ್ದರೆ ಹಿಂದೆಯೇ ‘ಸಕ್ರಮ’ ಬರುತ್ತದೆ. ಕಂದಾಯ ನಿವೇಶನ, ಬಗರ್‌ಹುಕುಂ ಜಮೀನು, ಎರಡಡಿ ಹೆಚ್ಚು ಕಟ್ಟಿದ ಮನೆ, ಎಲ್ಲಕ್ಕೂ ದಂಡ ಕಟ್ಟಿದರೆ ದಾರಿ ಇದೆ ಎಂದು ನಮ್ಮ ಜನ ನಂಬಿದ್ದಾರೆ. ಕರಪತ್ರ ಓದಿದವನು ‘ಎಷ್ಟು ಕಟ್ಟಿದರೆ ಸಕ್ರಮವಾಗುತ್ತದೆ?’ ಎಂದು ಕೇಳಿದರೆ ತಪ್ಪು ಅವನದಲ್ಲ. ನಿಜ ಹೇಳಬೇಕೆಂದರೆ ಕಾನೂನಿನಲ್ಲೂ ಅದು ನಡೆದಿದೆ. ಪೌರತ್ವ ಕಾಯ್ದೆಯ 6ಎ ಕಲಮಿನಂತೆ 1966ರ ಜನವರಿ 1ರಿಂದ 1971ರ ಮಾರ್ಚ್ 25ರ ಮೊದಲು ಅಸ್ಸಾಮಿಗೆ ಬಂದವರು ಹೆಸರು ನೋಂದಾಯಿಸಿ, ಹತ್ತು ವರ್ಷ ಮತ ಹಾಕದೆ ಇದ್ದು, ಪ್ರಜೆಗಳಾದರು. ಅದನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಎತ್ತಿ ಹಿಡಿಯಿತು. ಅದೇ ಕಾಯ್ದೆಯ 2019ರ ತಿದ್ದುಪಡಿ (ಸಿಎಎ) ಇನ್ನೊಂದು ಸಕ್ರಮ: ಮೂರು ದೇಶ, ಆರು ಸಮುದಾಯ, ಗಡುವು 2014ರ ಡಿಸೆಂಬರ್ 31. ಉಳಿದವರಿಗೆ ಇಲ್ಲ. ಆದ್ದರಿಂದ ಕರಪತ್ರದಲ್ಲಿ ‘ಅಕ್ರಮ ವಲಸಿಗ’ ಇರಲಿ, ಪಕ್ಕದಲ್ಲೇ ‘ದಂಡ ಕಟ್ಟಿದರೆ ಇಲ್ಲಿರಲು ಹಕ್ಕು ಬರುವುದಿಲ್ಲ’ ಎಂಬ ಒಂದು ಸಾಲು ಸೇರಿಸಿ.

ತಾನು ವಿದೇಶಿಯಲ್ಲ ಎಂದು ತೋರಿಸುವ ಹೊಣೆ ಹಿಡಿಯಲ್ಪಟ್ಟವನದೇ ಎಂಬುದನ್ನೂ ಬಿಡಬೇಡಿ. ಹಳೆಯ ಕಾಯ್ದೆಯಲ್ಲೂ ಹಾಗೆಯೇ ಇತ್ತು, ಹೊಸದರಲ್ಲೂ ಇದೆ.

— ಮೈಸೂರಿನಿಂದ

‘ಹೊರದೂಡಿಕೆ’ಗೆ ಯಾರೂ ಉತ್ತರ ಕೊಡಲಿಲ್ಲ. ಸಂಸ್ಕೃತವಾದರೆ ಮೂರು ಪುಟದ ವ್ಯಾಖ್ಯಾನ, ಕನ್ನಡವಾದರೆ ಮಡಿಯ ಹಾಸ್ಯ. ಹೀಗೆಯೇ ಆಗಲಿ.

— ಶಿವಮೊಗ್ಗದಿಂದ

ಕೊಡುತ್ತೇನೆ. ‘ಹೊರದೂಡಿಕೆ’ಗೆ ಬೇರೊಂದು ಜಾಗ ಇದೆ. ಆದೇಶ, ರಾಷ್ಟ್ರೀಯತೆಯ ಪರಿಶೀಲನೆ, ಎದುರು ದೇಶದ ಒಪ್ಪಿಗೆ, ಇವೆಲ್ಲ ಇದ್ದರೆ ‘ಹೊರಕಳಿಸುವುದು’. ಇವು ಯಾವುವೂ ಇಲ್ಲದೆ ಗಡಿಗೆ ಒಯ್ದು ಆಚೆ ತಳ್ಳಿದರೆ ಅದನ್ನು ಈಗ ‘ಪುಶ್‌ಬ್ಯಾಕ್’ ಎನ್ನುತ್ತಾರೆ. ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ದಾಟಿಸಿದ್ದ ಪಶ್ಚಿಮ ಬಂಗಾಳದ ಬೀರ್‌ಭೂಮ್‌ನ ಎರಡು ಕುಟುಂಬಗಳ ಆರು ಜನರನ್ನು ವಾಪಸ್ ಕರೆತನ್ನಿ ಎಂದು 2025ರ ಸೆಪ್ಟೆಂಬರ್‌ನಲ್ಲಿ ಕಲ್ಕತ್ತ ಹೈಕೋರ್ಟ್ ಆದೇಶಿಸಿತು. ಅಲ್ಲಿ ನಿಮ್ಮ ‘ದೂಡು’ ನೂರಕ್ಕೆ ನೂರು ಸರಿ. ಸರ್ಕಾರಿ ಕಾಗದದಲ್ಲಿ ಮಾತ್ರ ಅದನ್ನು ಯಾರೂ ಬರೆಯುವುದಿಲ್ಲ.

— ಮೈಸೂರಿನಿಂದ

ಎಲ್ಲರಿಗೂ ಧನ್ಯವಾದ. ಕರಡು ಈಗಷ್ಟೇ ಹೋಯಿತು. ‘ದೇಶದಿಂದ ಹೊರಕಳಿಸುವುದು (ರೌಡಿಗಳ ಗಡಿಪಾರು ಅಲ್ಲ)’ ಎಂದು ಆವರಣ ಸಮೇತ ಹಾಕಿದ್ದೇನೆ, ಗುಜರಿ ಅಂಗಡಿಯವರು ಒಪ್ಪಿದರು. ‘ಅಕ್ರಮ ವಲಸಿಗ’, ‘ಬಂಧನ ಕೇಂದ್ರ’ ಉಳಿದವು, ದಂಡದ ಸಾಲು ಸೇರಿತು. ‘ನುಸುಳುಕೋರ’ ಎಲ್ಲೂ ಇಲ್ಲ. ಕೊನೆಯ ಪುಟದಲ್ಲಿ ಒಂದು ಕಡೆ ‘ದೂಡು’ ಬಂದಿದೆ, ಶಿವಮೊಗ್ಗದವರು ನೋಡಬೇಕು. ಮೇಷ್ಟ್ರೇ, ಮೂರನೇ ಪುಟದ ತಲೆಬರಹದಲ್ಲಿ ನಿಮ್ಮ ‘ಆಕ್ರಮ’ ನಿಜವಾಗಿಯೂ ಕುಳಿತಿತ್ತು. ನಾನೇ ಟೈಪ್ ಮಾಡಿದ್ದು.

— ಬೆಂಗಳೂರಿನಿಂದ