ಸಹಾಯ ಬೇಕು: ಕ್ಯಾಮೆರಾ ಚಿತ್ರದಲ್ಲಿ ಅಡ್ಡ ಗೆರೆಗಳು

ಪುಣೆಯ ಕನ್ನಡದವರಿಗೆ ನಮಸ್ಕಾರ. ಎಲೆಕ್ಟ್ರಾನಿಕ್ಸ್ ಬಲ್ಲವರು ಯಾರಾದರೂ ಇದ್ದೀರಾ?

ಕೋಥ್ರೂಡ್‌ನ ನಮ್ಮ ಬಾಲ್ಕನಿಯಲ್ಲಿ ಬುಲ್‌ಬುಲ್ ಗೂಡು ಕಟ್ಟಿದೆ. (ಈಗ ಅಲ್ಲಿ ಬಟ್ಟೆ ಒಣಹಾಕುವ ಹಾಗೂ ಇಲ್ಲ!) ಅದನ್ನು ನೋಡಲು ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಕ್ಯಾಮೆರಾ ಮಾಡಿದ್ದೇನೆ. ಹಗಲು ಚಿತ್ರ ಚೆನ್ನಾಗಿಯೇ ಬರುತ್ತದೆ. ಸಂಜೆ ಬೆಳಕು ಇಳಿದು ಗೇನ್ (ಸೆನ್ಸರ್ ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಏರಿದರೆ ಸಾಕು, ಅಡ್ಡ ಗೆರೆಗಳು ಶುರು. ವೈ-ಫೈ ಕಳಿಸುವಾಗಂತೂ ಇನ್ನೂ ಜಾಸ್ತಿ.

ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಓದುವ ಹೊತ್ತಿಗೆ ಅನಲಾಗ್ ಸಪ್ಲೈ (ಸೆನ್ಸರ್‌ನ ಚಿತ್ರ ಓದುವ ಭಾಗಕ್ಕೆ ಹೋಗುವ ವಿದ್ಯುತ್) ಅಲುಗಾಡಿದರೆ ಇಡೀ ಸಾಲೇ ಕೆಡುತ್ತದೆ, ಅಲ್ವಾ? ಹಾಗಾಗಿ ನನ್ನ ಅನುಮಾನ ತಪ್‌ಕೀರ್ ಗಲ್ಲಿಯಲ್ಲಿ ತಂದ ಬಕ್ ಕನ್ವರ್ಟರ್ (ವೇಗವಾಗಿ ಆನ್-ಆಫ್ ಆಗುತ್ತಾ ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಮೇಲೆ. ಏರಿಳಿತ ತಗ್ಗಲೆಂದು ಸೆನ್ಸರ್ ಪಿನ್ ಪಕ್ಕದಲ್ಲೇ 0.1 ಮತ್ತು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಗೆರೆ ಸ್ವಲ್ಪ ತಗ್ಗಿತು, ಹೋಗಲಿಲ್ಲ.

2.8 ವೋಲ್ಟ್ ಅನಲಾಗ್ ಸಪ್ಲೈಗೆ ಬೇರೆ ಎಲ್‌ಡಿಒ (ಸ್ವಿಚಿಂಗ್ ಇಲ್ಲದೆ ವೋಲ್ಟೇಜ್ ಸ್ಥಿರವಾಗಿಡುವ ರೆಗ್ಯುಲೇಟರ್) ಹಾಕಲೇ? ನಾಯ್ಸ್ ಕಡಿಮೆ ಇರುವವು ಸಾಮಾನ್ಯವಾಗಿ ಸುಮ್ನೆ ಕೂತಾಗಲೂ ಹೆಚ್ಚು ಕರೆಂಟ್ ಎಳೆಯುತ್ತವೆ, ಬ್ಯಾಟರಿ ಬಾಳಬೇಕಲ್ಲ. ಅಥವಾ ಫೋಟೋ ಓದಿ ಮುಗಿಯುವವರೆಗೆ ವೈ-ಫೈ ಆಫ್ ಇಟ್ಟರೆ ಸಾಕೇ? ಅನಲಾಗ್, ಡಿಜಿಟಲ್ ಭಾಗಗಳ ಗ್ರೌಂಡ್ ಬೇರೆ ಮಾಡಬೇಕೋ, ಒಂದೇ ಇರಲೋ?

ಆಸಿಲೋಸ್ಕೋಪ್ (ವೋಲ್ಟೇಜ್ ಏರಿಳಿತ ತೋರಿಸುವ ಯಂತ್ರ) ಇರುವವರು ಹೇಳಿ, ಭಾನುವಾರ ಬೋರ್ಡ್ ಹಿಡಿದು ಬರುತ್ತೇನೆ. ಮರಿಗಳು ಹಾರುವ ಮೊದಲು ಸರಿಯಾಗಬೇಕು.