ಕ್ರೋಮ್ ಕ್ಲ್ಯಾಡ್ ವೀಲ್ ಇರುವ ಹಳೆ ಕಾರು ಕೊಂಡೆ, ಈಗ ಸ್ಟೇರಿಂಗ್ ನಡುಗುತ್ತಿದೆ. ಇಟ್ಟುಕೊಳ್ಳಲೋ ಬಿಡಲೋ?

ಹಳೆಗಾಡಿ:

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ನಿಜ ಹೇಳಬೇಕೆಂದರೆ ಇಂಜಿನ್ ನೋಡುವ ಮೊದಲೇ ಅದರ ವೀಲ್ ನೋಡಿ ಅರ್ಧ ಸೋತಿದ್ದೆ. ಬಗ್ಗಿದರೆ ಮುಖ ಕಾಣುವಷ್ಟು ಹೊಳಪು. ಪೂರ್ತಿ ಲೋಹದ ವೀಲ್‌ಗೇ ಕ್ರೋಮ್ ಹಾಕಿದ್ದಾರೆ ಅಂದುಕೊಂಡಿದ್ದೆ. ಮೊನ್ನೆ ತೊಳೆಯುವಾಗ ಉಗುರಿನಲ್ಲಿ ಸುಮ್ನೆ ತಟ್ಟಿದೆ, ಡಬ್ಬಿ ಮುಚ್ಚಳ ತಟ್ಟಿದ ಹಾಗೆ ಟಕ್ ಟಕ್ ಅಂತು. ಪ್ಲಾಸ್ಟಿಕ್! ವೀಲ್ ಕ್ಯಾಪ್ ಇರಬೇಕು ಅಂತ ಕೀಳಲು ನೋಡಿದೆ, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಆಮೇಲೆ ಹುಡುಕಿದಾಗ ಇದಕ್ಕೆ ಕ್ರೋಮ್ ಕ್ಲ್ಯಾಡ್ ಅನ್ನುತ್ತಾರೆ ಅಂತ ಗೊತ್ತಾಯಿತು.

ಇಲ್ಲಿಗೆ ಬಂದ ಕಾರಣ ಬೇರೆ. 80 ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಎರಡು ಸಲ ವೀಲ್ ಬ್ಯಾಲೆನ್ಸಿಂಗ್ (ಸುತ್ತಲೂ ತೂಕ ಸಮ ಮಾಡುವುದು) ಮಾಡಿಸಿದೆ, ಎರಡು ದಿನ ಸರಿ ಇರುತ್ತದೆ, ಮತ್ತೆ ಅದೇ ಕಥೆ. ಒಮ್ಮೊಮ್ಮೆ ತಾನಾಗಿಯೇ ನಿಂತೂ ಹೋಗುತ್ತದೆ, ಅದೇ ತಲೆ ಕೆಡಿಸುತ್ತಿರುವುದು. ಮುಂದಿನ ಎಡಗಡೆ ವೀಲ್‌ನಲ್ಲಿ ಅಂಚಿನ ಹತ್ತಿರ ಕೂದಲೆಳೆಯಷ್ಟು ಒಂದು ಬಿರುಕಿದೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ? ಇದನ್ನು ಮತ್ತೆ ಕ್ರೋಮ್ ಮಾಡಿಸಲು ಆಗುತ್ತದಾ?

ಪಾನಾ ಹಿಡಿದವ:

ಮೊದಲು ಅದು ಏನು ಅಂತ ಹೇಳುತ್ತೇನೆ. ಒಳಗಿರುವುದು ಮಾಮೂಲಿ ಅಲ್ಯೂಮಿನಿಯಂ ಅಲಾಯ್ ವೀಲ್, ಮುಖಕ್ಕೆ ಪಾಲಿಶ್ ಕೂಡ ಇರುವುದಿಲ್ಲ. ಅದರ ಮೇಲೆ ಅಚ್ಚಿನಲ್ಲಿ ತೆಗೆದ ಗಟ್ಟಿ ಪ್ಲಾಸ್ಟಿಕ್ಕಿನ ಮುಖವಾಡವನ್ನು ಗೋಂದು ಅಥವಾ ಫೋಮ್ ಹಾಕಿ ಶಾಶ್ವತವಾಗಿ ಅಂಟಿಸಿರುತ್ತಾರೆ. ಕ್ರೋಮ್ ಇರುವುದು ಆ ಪ್ಲಾಸ್ಟಿಕ್ಕಿನ ಮೇಲೆ. ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಯುವುದಿಲ್ಲ ಅಲ್ವಾ, ಹಾಗಾಗಿ ಮೊದಲು ರಾಸಾಯನಿಕದಿಂದಲೇ ಒಂದು ತೆಳು ಲೋಹದ ಪದರ ಕೂರಿಸಿ, ಆಮೇಲೆ ಕರೆಂಟ್ ಕೊಟ್ಟು ತಾಮ್ರ, ನಿಕಲ್, ಕೊನೆಗೆ ಕ್ರೋಮ್ ಹಾಕುತ್ತಾರೆ. ನೀವು ನೋಡುವ ಕನ್ನಡಿ ಹೊಳಪಿನ ಬಹುಪಾಲು ಕೆಳಗಿನ ನಿಕಲ್‌ದು. ಮೇಲಿನ ಕ್ರೋಮ್ 1 ಮೈಕ್ರಾನ್‌ಗಿಂತ ಕಡಿಮೆ ದಪ್ಪ, ಅದು ಆ ಹೊಳಪು ಮಾಸದಂತೆ, ಗೀರು ಬೀಳದಂತೆ ಕಾಯುತ್ತದೆ ಅಷ್ಟೆ.

ಮತ್ತೆ ಕ್ರೋಮ್ ಮಾಡಿಸುವ ಆಸೆ ಬಿಡಿ. ಲೋಹದ ವೀಲ್ ಆಗಿದ್ದರೆ ಹಳೆ ಲೇಪ ಕರಗಿಸಿ, ಉಜ್ಜಿ, ಹೊಸದಾಗಿ ಹಾಕಿಸಬಹುದು. ಇದರಲ್ಲಿ ಮುಖವಾಡ ಒಡೆದರೆ ವೀಲ್ ಬದಲಿಸುವುದೇ ದಾರಿ. ಕಿತ್ತು ಬಿಸಾಡಿ ಬರೀ ವೀಲ್ ಹಾಕಿಕೊಳ್ಳುತ್ತೇನೆ ಅನ್ನುವವರೂ ಇದ್ದಾರೆ. ನಾನು ಒಂದನ್ನು ಬಿಸಿ ಗಾಳಿ ಹಾಯಿಸಿ ಕಿತ್ತು ನೋಡಿದ್ದೇನೆ. ಒಳಗೆ ಒರಟು ಎರಕ, ಅದರ ಮೇಲೆ ಹಳದಿ ಫೋಮ್ ಗಂಟುಗಂಟಾಗಿ ಅಂಟಿಕೊಂಡಿತ್ತು, ಕೆರೆದು ಕೆರೆದು ಬೆರಳು ನೋವು ಬಂತು. ನಡುವಿನ ಕ್ಯಾಪ್ ಸಿಕ್ಕಿಸಲು ಜಾಗವೂ ಇರಲಿಲ್ಲ, ಯಾಕೆಂದರೆ ಅದು ಕೂರುತ್ತಿದ್ದದ್ದು ಮುಖವಾಡಕ್ಕೆ.

ಟೈರ್ ಬಿಚ್ಚುವವನು:

ಹತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ನಿಮ್ಮ ಬಿರುಕಿಗೂ ನಡುಕಕ್ಕೂ ಖಂಡಿತ ಸಂಬಂಧ ಇರಬಹುದು. ಬಿರುಕಿನಿಂದ ನೀರು ಒಳಗೆ ಇಳಿಯುತ್ತದೆ, ಫೋಮ್ ಹೀರುತ್ತದೆ, ಇಲ್ಲವೆಂದರೆ ಸಂದಿಯಲ್ಲಿ ನಿಂತುಬಿಡುತ್ತದೆ. ಗಾಡಿ ನಿಲ್ಲಿಸಿದಾಗ ಆ ನೀರೆಲ್ಲ ಕೆಳಕ್ಕೆ ಇಳಿದಿರುತ್ತದೆ, ಓಡಿಸಿದಾಗ ಒಂದು ಕಡೆ ಭಾರ. ಆರಿದ ಮೇಲೆ ಸರಿ, ಮಳೆ ಬಂದರೆ ಅಥವಾ ತೊಳೆದರೆ ಮತ್ತೆ ಶುರು. ನೀವು ಹೇಳಿದ ಲಕ್ಷಣವೇ ಅದು.

ಒಂದು ಪರೀಕ್ಷೆ ಹೇಳುತ್ತೇನೆ. ಗಾಡಿ ತೊಳೆದ ಮರುದಿನ ಆ ವೀಲ್ ಬಿಚ್ಚಿಸಿ ಬ್ಯಾಲೆನ್ಸಿಂಗ್ ಮಷಿನ್‌ಗೆ ಹಾಕಿಸಿ, ಎಲ್ಲಿ ಎಷ್ಟು ಗ್ರಾಂ ವ್ಯತ್ಯಾಸ ಅಂತ ಬಂದ ನಂಬರ್ ಬರೆದುಕೊಳ್ಳಿ. ವೈಟ್, ಅಂದರೆ ತೂಕ ಸರಿದೂಗಿಸುವ ಲೋಹದ ತುಂಡು, ಅಂಟಿಸಲು ಬಿಡಬೇಡಿ. ಮಷಿನ್ ಮೇಲೆಯೇ ಅರ್ಧ ಸುತ್ತು ತಿರುಗಿಸಿ ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಟ್ಟು ಮತ್ತೆ ಓಡಿಸಿ. ವೀಲ್ ಗಟ್ಟಿಯಾಗಿ ಒಂದೇ ತುಂಡಾಗಿದ್ದರೆ ಅದೇ ನಂಬರ್ ಬರಬೇಕು. ನಂಬರ್ ಓಡಾಡಿದರೆ ಒಳಗೆ ಏನೋ ಓಡಾಡುತ್ತಿದೆ ಅಂತಲೇ ಅರ್ಥ. ಜೊತೆಗೆ ವೀಲ್ ತಿರುಗುವಾಗ ಹಿಂಭಾಗದ ರಿಮ್ ನೋಡಿ, ಅಲೆಯುತ್ತಿದ್ದರೆ ಗುಂಡಿಗೆ ಬಿದ್ದು ಬಾಗಿದೆ. ನನ್ನ ಮಟ್ಟಿಗೆ ಈ ವೀಲ್‌ಗಳ ದೊಡ್ಡ ತೊಂದರೆ ಅದೇ. ಮುಂದಿನಿಂದ ನೋಡಿದರೆ ಒಳಗಿನ ವೀಲ್ ಸೀಳಿದರೂ ಕಾಣುವುದಿಲ್ಲ. ಮೇಲೆ ಥಳುಕು ಒಳಗೆ ಹುಳುಕು ಅನ್ನುತ್ತಾರಲ್ಲ, ಅದಕ್ಕೆ ಅಂತಲೇ ಮಾಡಿದ ಹಾಗಿದೆ.

ಇನ್ನೊಂದು ಮಾತು, ಬಿರುಕಿಗೆ ಸಿಲಿಕೋನ್ ಮೆತ್ತಬೇಡಿ. ಇರುವ ನೀರು ಒಳಗೇ ಬಂದಿಯಾಗುತ್ತದೆ.

ಟೈರ್ ಬದಲಿಸುವಾಗ ಕೆಲಸದವರಿಗೆ ಮೊದಲೇ ಹೇಳಿ. ಮಷಿನ್‌ನ ಹಿಡಿಗಳು ಹೊರ ಅಂಚನ್ನು ಕಚ್ಚಿದರೆ ಚಕ್ಕೆ ಏಳುತ್ತದೆ, ಒಳಗಿನಿಂದ ಹಿಡಿಸಬೇಕು. ಹೊರ ಅಂಚಿಗೆ ಬಡಿದು ಕೂರಿಸುವ ವೈಟ್ ಕೂಡ ಬೇಡ, ಒಳಮೈಗೆ ಅಂಟಿಸುವಂಥದ್ದೇ ಹಾಕಿಸಿ. ಅರ್ಧ ವೀಲ್‌ಗಳು ಹಾಳಾಗುವುದು ರಸ್ತೆಯಲ್ಲಲ್ಲ, ನಮ್ಮಂಥವರ ಕೈಯಲ್ಲೇ!

ಹೊಳಪು ಪ್ರಿಯೆ:

ಎಲ್ಲರೂ ಸೇರಿ ಪಾಪ ಆ ವೀಲ್ ಮೇಲೆ ಬೀಳುತ್ತಿದ್ದೀರಿ. ನನ್ನ ಕಾರಿನಲ್ಲಿ ಏಳು ವರ್ಷದಿಂದ ಇವೆ, ಒಂದು ಹಕ್ಕಳೆ ಎದ್ದಿಲ್ಲ. ಫುಟ್‌ಪಾತ್ ಅಂಚಿಗೆ ತಾಗಿಸದಿದ್ದರೆ ಮತ್ತು ಆಸಿಡ್ ಇರುವ ವೀಲ್ ಕ್ಲೀನರ್ ಹಾಕದಿದ್ದರೆ ಇವು ಚೆನ್ನಾಗಿಯೇ ಬಾಳುತ್ತವೆ. ನಾನು ಮಾಡುವುದು ಇಷ್ಟೇ, ವೀಲ್ ಆರಿದ ಮೇಲೆ ಕಾರು ತೊಳೆಯುವ ಶಾಂಪೂ, ಮೆತ್ತನೆ ಬಟ್ಟೆ, ಕೊನೆಗೆ ಒರೆಸಿ ಒಣಗಿಸುವುದು. ಬ್ರೇಕ್ ಪುಡಿ ವಾರಗಟ್ಟಲೆ ಕೂರಲು ಬಿಡುವುದಿಲ್ಲ. ಉಕ್ಕಿನ ಉಜ್ಜುವ ನಾರು ಹತ್ತಿರಕ್ಕೂ ತರುವುದಿಲ್ಲ.

ನಿಜವಾದ ಕ್ರೋಮ್ ವೀಲ್‌ಗೂ ರೋಗ ಇದೆ, ಅದನ್ನು ಯಾರೂ ಹೇಳಲಿಲ್ಲ. ಅದರಲ್ಲಿ ಟೈರಿನ ಅಂಚು ಕೂರುವ ಜಾಗದವರೆಗೂ ಲೇಪ ಇರುತ್ತದೆ. ಅಲ್ಲಿ ಸಿಪ್ಪೆ ಎದ್ದರೆ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಪಂಕ್ಚರ್ ಹುಡುಕಿ ಹುಡುಕಿ ಸುಸ್ತಾಗುತ್ತೀರಿ. ನನ್ನ ಅಣ್ಣನ ಗಾಡಿಯಲ್ಲಿ ಹಾಗೇ ಆಯಿತು, ಪ್ರತಿ ವಾರ ಗಾಳಿ. ಕ್ಲ್ಯಾಡ್‌ನಲ್ಲಿ ಆ ಜಾಗದಲ್ಲಿ ಕ್ರೋಮೇ ಇರುವುದಿಲ್ಲ. ಮತ್ತೆ ಸಿಕ್ಕಿಸುವ ವೀಲ್ ಕ್ಯಾಪ್ ಹಾಗೆ ಗುಂಡಿಗೆ ಬಿದ್ದಾಗ ಹಾರಿ ಹೋಗುವುದೂ ಇಲ್ಲ.

ಪಾನಾ ಹಿಡಿದವ:

ಗಾಳಿ ಇಳಿಯುವ ವಿಷಯ ಒಪ್ಪಿದೆ, ಅದು ನಿಜವಾದ ಲಾಭ. ಕ್ಲ್ಯಾಡ್‌ನಲ್ಲೂ ಬರೀ ಅಲ್ಯೂಮಿನಿಯಂ ಬಿಳಿ ಪುಡಿ ಎದ್ದು ಸೋರುವುದುಂಟು, ಆದರೆ ಅದನ್ನು ಉಜ್ಜಿ ಸರಿ ಮಾಡಬಹುದು. ಕಂಪನಿಗಳಿಗೂ ಒಂದೇ ವೀಲ್‌ಗೆ ಬೇರೆ ಬೇರೆ ಮುಖ ಹಾಕಿ ಮಾರಬಹುದು ಅನ್ನುವ ಅನುಕೂಲ.

ಸ್ಟೆಪ್ನಿ:

ವಿಷಯ ಸ್ವಲ್ಪ ಪಕ್ಕಕ್ಕೆ. ನಟ್‌ಗಳನ್ನು ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಹೊಳೆಯುವ ನಟ್ ಕೂಡ ಮುಖವಾಡವೇ, ಉಕ್ಕಿನ ನಟ್ ಮೇಲೆ ತೆಳು ತಗಡಿನ ಟೋಪಿ. ಒಳಗೆ ತುಕ್ಕು ಹಿಡಿದರೆ ಟೋಪಿ ಉಬ್ಬುತ್ತದೆ, ಆಮೇಲೆ ಕಾರಿನ ಜೊತೆ ಬಂದ ಪಾನಾ ಕೂರುವುದೇ ಇಲ್ಲ. ನಾನು ಕತ್ತಲಲ್ಲಿ, ಮಳೆಯಲ್ಲಿ, ಜಾಕ್ ಏರಿಸಿ ನಿಂತಾಗ ಈ ಜ್ಞಾನ ಬಂದದ್ದು. ಒಂದೇ ತುಂಡಿನ ಗಟ್ಟಿ ನಟ್ ಹಾಕಿಸಿ.

ಹಳೆಗಾಡಿ:

ಎಲ್ಲರಿಗೂ ಥ್ಯಾಂಕ್ಸ್. ಟೈರ್ ಬಿಚ್ಚುವವರು ಹೇಳಿದ ಹಾಗೆ ಮಾಡಿದೆ. ಮೊದಲ ಸಲ 45 ಗ್ರಾಂ ತೋರಿಸಿತು, ಕಾಲು ಗಂಟೆ ಬಿಟ್ಟು ಓಡಿಸಿದಾಗ 20, ಅದೂ ಬೇರೆ ಜಾಗದಲ್ಲಿ. ಮಷಿನ್ ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ವೀಲ್ ಮನೆಗೆ ತಂದು ಬಿರುಕು ಕೆಳಗೆ ಬರುವ ಹಾಗೆ ಗೋಡೆಗೆ ಒರಗಿಸಿಟ್ಟೆ. ಬೆಳಗ್ಗೆ ನೋಡಿದರೆ ಕೆಳಗೆ ಅಂಗೈಯಗಲ ಕಂದು ಬಣ್ಣದ ನೀರು.

ಸದ್ಯಕ್ಕೆ ಆ ಒಂದು ಜಾಗಕ್ಕೆ ಮಾಮೂಲಿ ಬೆಳ್ಳಿ ಬಣ್ಣದ ಅಲಾಯ್ ಹಾಕಿಸಿದೆ. ಅಳತೆ, ಅಗಲ, ಆಫ್‌ಸೆಟ್ (ವೀಲ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ), ಬೋಲ್ಟ್‌ಗಳ ಅಂತರ, ನಡುವಿನ ತೂತು ಎಲ್ಲ ತಾಳೆ ನೋಡಿ, ನಟ್ ಕೂರುವ ಇಳಿಜಾರೂ ಅದೇ ಇದೆ ಅಂತ ಖಾತ್ರಿ ಮಾಡಿಕೊಂಡೆ. ನಡುಕ ಪೂರ್ತಿ ನಿಂತಿದೆ, 100ರಲ್ಲೂ ಇಲ್ಲ. ಉಳಿದ ಮೂರನ್ನು ಬಿಚ್ಚಿಸಿ ಹಿಂದಿನಿಂದ ನೋಡಿಸಿದೆ, ಚೆನ್ನಾಗಿವೆ.

ಹೊಳಪು ಪ್ರಿಯೆ:

ಅಂದರೆ ಮೂರು ಹೊಳೆಯುವುದು, ಒಂದು ಮಂಕಾ? ನೋಡಲು ಹೇಗಿದೆ?

ಹಳೆಗಾಡಿ:

ಫೋಟೊ ತೆಗೆಯುವುದಾದರೆ ಬಲಗಡೆಯಿಂದ ಮಾತ್ರ.