ದೈತ್ಯನೆದುರು ಪುಟ್ಟ ಹಾಫ್‌ಲಿಂಗ್: ನಿಮ್ಮ ಅನುಭವ ಹೇಳಿ

ಪ್ರಶ್ನೆ, ವಿಜಯನಗರದಿಂದ:
ನಾವು ಐದು ಜನ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸುತ್ತಾ ಒಬ್ಬೊಬ್ಬರೂ ಒಂದು ಪಾತ್ರವಾಗಿ ಆಡುವ ಕಥೆಯಾಟ) ಆಡುತ್ತೇವೆ. ಐದನೇ ಆವೃತ್ತಿ, 2014ರ ಪುಸ್ತಕ. ನನ್ನದು 5ನೇ ಲೆವೆಲ್ಲಿನ ಹಾಫ್‌ಲಿಂಗ್ (ಕುಳ್ಳ ಜನಾಂಗದ) ರೋಗ್, ಅಂದರೆ ಕಳ್ಳನ ಹಾಗೆ ನುಸುಳಿ ಹೊಡೆಯುವ ಪಾತ್ರ. ಹೋದ ವಾರ ಹಿಲ್ ಜೈಂಟ್ ಎಂಬ ದೈತ್ಯ ಎದುರಾದ. ಕಾಲು ಹಿಡಿದು ಬೀಳಿಸುತ್ತೇನೆ ಅಂದೆ, ಡಿಎಂ (ಆಟ ನಡೆಸುವವರು) ಆಗಲ್ಲ ಅಂದರು. ಅವನ ದೊಣ್ಣೆಯ ಎರಡೇ ಏಟಿಗೆ ಮಲಗಿಬಿಟ್ಟೆ. ಚಿಕ್ಕ ಪಾತ್ರ ಆಡುವವರು ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಬಸವನಗುಡಿಯಿಂದ:
ನಿಮ್ಮ ಡಿಎಂ ಹೇಳಿದ್ದು ಸರಿ. ಹಿಡಿಯೋದಾಗಲಿ ತಳ್ಳೋದಾಗಲಿ, ನಮಗಿಂತ ಒಂದು ಗಾತ್ರ ದೊಡ್ಡವರ ತನಕ ಮಾತ್ರ. ಆಟದ ಗಾತ್ರಗಳಲ್ಲಿ ಹಾಫ್‌ಲಿಂಗ್ ಸ್ಮಾಲ್, ಹಿಲ್ ಜೈಂಟ್ ಹ್ಯೂಜ್. ನಡುವೆ ಮೀಡಿಯಂ, ಲಾರ್ಜ್ ಎರಡೂ ಇವೆ. ಬಲದ ಜಗಳಕ್ಕೆ ಹೋಗಲೇಬೇಡಿ, ಜಾಗ ನೋಡಿಕೊಳ್ಳಿ.

ಎರಡು ಗಾತ್ರ ದೊಡ್ಡ ಶತ್ರುವಿನ ಕಾಲ ಸಂದಿಯಲ್ಲಿ ಯಾರು ಬೇಕಾದರೂ ನುಸುಳಬಹುದು. ಹಾಫ್‌ಲಿಂಗಿಗೆ ಒಂದು ಗಾತ್ರ ದೊಡ್ಡದಾದರೂ ಸಾಕು. ಆದರೆ ಅವನು ನಿಂತ ಜಾಗದಲ್ಲಿ ಒಂದಡಿಗೆ ಎರಡಡಿ ಖರ್ಚು, ಅಲ್ಲೇ ನಿಲ್ಲೋ ಹಾಗೂ ಇಲ್ಲ. ಲೆಕ್ಕ ಹಾಕಿ ನೋಡಿ. ಓಗರ್ (ಲಾರ್ಜ್ ಗಾತ್ರದ ರಾಕ್ಷಸ) 10 ಅಡಿ ಅಗಲ. ದಾಟಲು 20, ಆಚೆ ಬದಿಯ ಮನೆಗೆ (ಹಲಗೆಯ ಚೌಕಕ್ಕೆ) 5. ಒಂದು ಸರದಿಗೆ ನಿಮ್ಮ ವೇಗ ಸರಿಯಾಗಿ 25 ಅಡಿ! ಹಿಲ್ ಜೈಂಟ್ 15 ಅಡಿ, ಅಂದರೆ 35 ಬೇಕು. ರೋಗ್ ಅಲ್ವಾ, ಬೋನಸ್ ಆಕ್ಷನ್ನಿನಲ್ಲಿ (ಸರದಿಯಲ್ಲಿ ಸಿಗುವ ಹೆಚ್ಚುವರಿ ಕೆಲಸ) ಡ್ಯಾಶ್ ಮಾಡಿ, ಅಂದರೆ ಇನ್ನೊಂದು ಸಲ ಅಷ್ಟೇ ದೂರ ಓಡಿ. ಅವನ ಕೈಗೆಟುಕುವ 10 ಅಡಿಯಿಂದ ಹೊರಗೆ ಹೋಗದಿದ್ದರೆ ಆಪರ್ಚುನಿಟಿ ಅಟ್ಯಾಕೂ (ದೂರ ಸರಿಯುವವರಿಗೆ ಬೀಳುವ ಏಟು) ಇಲ್ಲ.

ಒಮ್ಮೆ ಸುರಂಗದಲ್ಲಿ ಜೈಂಟ್ ದಾರಿಗೆ ಅಡ್ಡ ನಿಂತಿದ್ದ. ನಮ್ಮ ಕ್ಲೆರಿಕ್ (ಪೂಜಾರಿ ಪಾತ್ರ) ಆಚೆ ಬದಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ. ನನ್ನ ಹಾಫ್‌ಲಿಂಗ್ ನುಸುಳಿ ಹೋಗಿ ಅವನ ಬಾಯಿಗೆ ಮದ್ದು ಹಾಕಿದಳು. ಆ ದಿನದಿಂದ ನಾನು ದೊಡ್ಡ ಪಾತ್ರ ಆಡಿಲ್ಲ.

ನಿಮ್ಮದು ಲೈಟ್‌ಫುಟ್ (ಹಾಫ್‌ಲಿಂಗ್‌ಗಳ ಒಂದು ಉಪಜಾತಿ) ಆದರೆ ಇನ್ನೂ ಒಳ್ಳೆಯದು. ನಿಮ್ಮ ಗುಂಪಿನ ಫೈಟರ್ (ಯೋಧ) ಬೆನ್ನ ಹಿಂದೆಯೇ ಅಡಗಬಹುದು.

ಹನುಮಂತನಗರದಿಂದ:
ಎರಡು ಮಾತು. ಲಾಂಗ್‌ಬೋ ತಗೋಬೇಡಿ, ಅದು ಹೆವಿ ಆಯುಧ, ಸ್ಮಾಲ್ ಪಾತ್ರಕ್ಕೆ ಡಿಸ್‌ಅಡ್ವಾಂಟೇಜ್ (ಎರಡು ದಾಳ ಹಾಕಿ ಕಡಿಮೆಯದನ್ನು ತಗೊಳ್ಳಬೇಕು). ಶಾರ್ಟ್‌ಬೋ ಸಾಕು. ಇನ್ನೊಂದು, ವಿಝರ್ಡ್ (ಮಂತ್ರವಾದಿ) ಹತ್ತಿರ ಎನ್‌ಲಾರ್ಜ್, ಅಂದರೆ ಗಾತ್ರ ಹಿಗ್ಗಿಸುವ ಮಂತ್ರ ಇದೆಯಾ ಕೇಳಿ. ನೀವು ಮೀಡಿಯಂ ಆದರೆ ಓಗರನ್ನೂ ಹಿಡಿಯಬಹುದು. ಹಿಲ್ ಜೈಂಟ್ ಆಗಲೂ ಸಿಗಲ್ಲ.

ಮಲ್ಲೇಶ್ವರದಿಂದ, ಡಿಎಂ:
ಯಾರೂ ಹತ್ತೋದರ ಬಗ್ಗೆ ಹೇಳಲಿಲ್ಲವಲ್ಲ! ಡಿಎಂ ಪುಸ್ತಕದಲ್ಲಿ ಐಚ್ಛಿಕ ನಿಯಮ ಒಂದಿದೆ. ದೊಡ್ಡ ಪ್ರಾಣಿಯ ಮೇಲೆ ಚಿಕ್ಕವರು ಹತ್ತಬಹುದು. ಅದಕ್ಕೆ ಒಂದು ಆಕ್ಷನ್. ನೀವು ಅಥ್ಲೆಟಿಕ್ಸ್ (ಬಲದ ಕೌಶಲ) ಇಲ್ಲವೇ ಅಕ್ರೊಬ್ಯಾಟಿಕ್ಸ್ (ಚುರುಕಿನ ಕೌಶಲ) ದಾಳ ಉರುಳಿಸಬೇಕು, ಅವನು ಅಕ್ರೊಬ್ಯಾಟಿಕ್ಸ್ ಮಾತ್ರ. ಹಿಲ್ ಜೈಂಟ್‌ನ ಡೆಕ್ಸ್ಟೆರಿಟಿ (ಚುರುಕುತನ) 8, ಅಂದರೆ ದಾಳಕ್ಕೆ ಒಂದು ಕಡಿಮೆ. ಅವನ ಬಲವೆಲ್ಲ ತೋಳಿನಲ್ಲಿ. ಗೆದ್ದರೆ ಮುಂದಿನ ಸರದಿಯಿಂದ ಅವನ ಮೇಲೆ ನೀವು ಹಾಕುವ ಪ್ರತಿ ಏಟಿಗೂ ಅಡ್ವಾಂಟೇಜ್ (ಎರಡು ದಾಳದಲ್ಲಿ ಹೆಚ್ಚಿನದು ನಿಮ್ಮದು). ರೋಗ್‌ಗೆ ಅಷ್ಟು ಸಿಕ್ಕರೆ ಸ್ನೀಕ್ ಅಟ್ಯಾಕ್ (ರೋಗ್‌ನ ಹೆಚ್ಚುವರಿ ಪೆಟ್ಟು) ಸಿಕ್ಕ ಹಾಗೆ. 5ನೇ ಲೆವೆಲ್ಲಿಗೆ ಆರು ಮುಖದ ಮೂರು ದಾಳ ಜಾಸ್ತಿ.

ನಮ್ಮ ಮನೆಯಲ್ಲಿ ಜೈಂಟ್‌ಗೆ ಗೊಂಬೆ ಇರಲಿಲ್ಲ. ಕಾಫಿ ಡಬರಿಯನ್ನೇ ನಿಲ್ಲಿಸಿದ್ದೆ, ಹೆಚ್ಚುಕಮ್ಮಿ ಮೂರು ಮನೆ ಅಗಲ ಬಂತು. ಹಾಫ್‌ಲಿಂಗ್ ಒಂದು ಹುಣಸೆ ಬೀಜ. ದಾಳ ಬಿದ್ದ ಮೇಲೆ ಆಡುವ ಹುಡುಗಿ ಆ ಬೀಜವನ್ನು ಎತ್ತಿ ಡಬರಿಯೊಳಗೆ ಹಾಕಿದಳು. ಟಣ್ ಅಂತ ಸದ್ದಾಯಿತು, ಎಲ್ಲರೂ ಎದ್ದು ನಿಂತರು.

ಅವನು ಸುಮ್ನೆ ಇರಲಿಲ್ಲ. ಬೆನ್ನನ್ನು ಬಂಡೆಗೆ ಉಜ್ಜಿದ. ಅದೂ ನಿಯಮದಲ್ಲೇ ಇದೆ, ಅವನ ಅಥ್ಲೆಟಿಕ್ಸ್‌ಗೆ ಎದುರಾಗಿ ನೀವು ಮತ್ತೆ ಉರುಳಿಸಬೇಕು. ಸೋತರೆ ಕೆಳಗೆ. ಆದರೆ ಕೆಡವೋಕೆ ಅವನಿಗೂ ಒಂದು ಆಕ್ಷನ್ ಬೇಕು. ಆ ಸರದಿಗೆ ದೊಣ್ಣೆಯ ಎರಡೂ ಏಟು ಹೋದವು. ಅಷ್ಟರಲ್ಲಿ ಉಳಿದವರು ಸುತ್ತ ಮುತ್ತಿಕೊಂಡರು, ಹುಲಿ-ಕುರಿ ಆಟದಲ್ಲಿ ಹುಲಿಗೆ ಹಾರಲು ಮನೆ ಬಿಡದ ಹಾಗೆ.

ಇದು ಐಚ್ಛಿಕ ನಿಯಮ, ಮರೀಬೇಡಿ. ಆಟದ ನಡುವೆ ಕೇಳಿದರೆ ಡಿಎಂ ಪುಟ ಹುಡುಕುತ್ತಾ ಕೂರಬೇಕಾಗುತ್ತೆ. ಶನಿವಾರವೇ ಫೋನ್ ಮಾಡಿ ಕೇಳಿಬಿಡಿ.